ನೋವು ನಿವಾರಕವೇ ನೋವನ್ನು ಹೆಚ್ಚಿಸುವುದುಂಟೇ?

ಪ್ರಶ್ನೆ: ತುಂಗಾತೀರ
ನ್ಯೂಜೆರ್ಸಿಯಲ್ಲಿರುವ ನಮ್ಮ ಭಾವನವರು ಬೆನ್ನಿನ ಶಸ್ತ್ರಚಿಕಿತ್ಸೆಯ ನಂತರ ಬಹುಕಾಲದಿಂದ ಆಕ್ಸಿಕೋಡೋನ್ ಮಾತ್ರೆ ಸೇವಿಸುತ್ತಿದ್ದಾರೆ. ಪ್ರಮಾಣ ಏರಿಸಿದಾಗ ಸ್ವಲ್ಪ ಕಾಲ ಹಗುರವಾಗುವ ನೋವು ಮತ್ತೆ ಮೊದಲಿಗಿಂತ ಜೋರಾಗುತ್ತದೆ. ಸೊಂಟದಲ್ಲಷ್ಟೇ ಇದ್ದದ್ದು ಈಗ ತೊಡೆ, ಭುಜಗಳಿಗೂ ಹಬ್ಬಿದ್ದು, ಹೊದಿಕೆ ತಾಗಿದರೂ ಉರಿಯುತ್ತದೆ ಎನ್ನುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ಹೊಸದೇನೂ ಕಂಡಿಲ್ಲ. ಮೈ ಮಾತ್ರೆಗೆ ಒಗ್ಗಿಹೋಗಿದೆ ಎಂಬುದು ಮನೆಯವರ ಅಭಿಪ್ರಾಯ. ಹಾಗಿದ್ದರೆ ನೋವು ಹಳೆಯ ಮಟ್ಟಕ್ಕೆ ಮರಳಬೇಕಲ್ಲದೆ ಹೊಸ ಜಾಗಗಳಿಗೆ ಏಕೆ ಹರಡಬೇಕು?

ಉತ್ತರ: ಅರಿವಳಿಕೆ ವೈದ್ಯೆ
ನಿಮ್ಮ ಸಂದೇಹ ಸರಿಯಾದ ಜಾಗದಲ್ಲೇ ಇದೆ. ಮೈ ಒಗ್ಗಿದ್ದರೆ ಪ್ರಮಾಣ ಹೆಚ್ಚಿಸಿದಾಗ ನೋವು ತಗ್ಗಬೇಕು. ಹೆಚ್ಚಿಸಿದಷ್ಟೂ ಕೆರಳಿ, ಮೂಲ ಜಾಗವನ್ನು ಮೀರಿ ಹರಡಿ, ಮೃದು ಸ್ಪರ್ಶವೂ ನೋಯತೊಡಗಿದರೆ ಓಪಿಯಾಯ್ಡ್‌ನಿಂದಲೇ (ಆಕ್ಸಿಕೋಡೋನ್, ಮಾರ್ಫಿನ್‌ಗಳಂಥ ಅಫೀಮು ಬಗೆಯ ನೋವು ನಿವಾರಕದಿಂದಲೇ) ಉಂಟಾಗುವ ಹೈಪರಾಲ್ಜೀಸಿಯಾವನ್ನು, ಅಂದರೆ ನೋವಿನ ಅತಿಸಂವೇದನೆಯನ್ನು, ಶಂಕಿಸಬೇಕಾಗುತ್ತದೆ. ಓಪಿಯಾಯ್ಡ್‌ಗಳು ನೋವಿನ ಸಂದೇಶವನ್ನು ತಡೆಯುತ್ತವೆಯಾದರೂ, ದೀರ್ಘ ಬಳಕೆಯಲ್ಲಿ ಮಿದುಳುಬಳ್ಳಿಯ ನರಕೋಶಗಳ ಮೇಲಿರುವ ಎನ್‌ಎಂಡಿಎ ಗ್ರಾಹಕಗಳು (ನೋವಿನ ಸಂಕೇತವನ್ನು ಬಲಪಡಿಸುವ ಅಣುಗಳು) ಹೆಚ್ಚು ಚುರುಕಾಗುತ್ತವೆ, ಮಿದುಳಿನ ಕಾಂಡದಿಂದ ಕೆಳಗಿಳಿಯುವ, ನೋವನ್ನು ವರ್ಧಿಸುವ ಸಂಕೇತಗಳೂ ಬಲಗೊಳ್ಳುತ್ತವೆ. ಹೀಗಾಗಿ ಗಾಯ ಬದಲಾಗದಿದ್ದರೂ ಅದನ್ನು ಅಳೆಯುವ ನರಮಂಡಲವೇ ಬದಲಾಗಿರುತ್ತದೆ. ಇದಕ್ಕೆ ವರ್ಷಗಳೇ ಬೇಕೆಂದಿಲ್ಲ. ಶಸ್ತ್ರಚಿಕಿತ್ಸೆಯ ವೇಳೆ ರೆಮಿಫೆಂಟನಿಲ್ ಎಂಬ ಓಪಿಯಾಯ್ಡ್ ಅನ್ನು ಅಧಿಕ ಪ್ರಮಾಣದಲ್ಲಿ ಪಡೆದ ರೋಗಿಗಳಿಗೆ ಎಚ್ಚರವಾದ ಮೇಲೆ ಹೆಚ್ಚು ನೋವಿದ್ದು, ಹೆಚ್ಚು ಮಾರ್ಫಿನ್ ಬೇಕಾದದ್ದು ಅಧ್ಯಯನಗಳಲ್ಲಿ ಕಂಡುಬಂದಿದೆ. ಓಪಿಯಾಯ್ಡ್ ವ್ಯಸನ ಬಿಡಿಸಲು ಕೊಡುವ, ತಾನೂ ಓಪಿಯಾಯ್ಡ್ ಆದ ಮೆಥಡೋನ್ ಚಿಕಿತ್ಸೆಯಲ್ಲಿರುವವರು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ ಕೈಯಿಡುವ ಪರೀಕ್ಷೆಯಲ್ಲಿ ಇತರರಿಗಿಂತ ಬೇಗ ಕೈ ಹಿಂತೆಗೆಯುತ್ತಾರೆ.

ಉತ್ತರ: ಹಳೆಯ ಓದುಗ
ಈ ಅನುಮಾನ ಹೊಸದಲ್ಲ. ಇಂದಿನ ಸಣ್ಣ ಜ್ವರಮಾಪಕವನ್ನು ರೂಪಿಸಿದ ಇಂಗ್ಲೆಂಡಿನ ವೈದ್ಯ ಥಾಮಸ್ ಕ್ಲಿಫರ್ಡ್ ಆಲ್ಬಟ್ 1870ರಲ್ಲಿಯೇ, ಮಾರ್ಫಿನ್ ಚುಚ್ಚುಮದ್ದು ತಾನು ಶಮನ ಮಾಡಬೇಕಾದ ನೋವನ್ನೇ ಪೋಷಿಸುತ್ತಿದೆಯೇ ಎಂದು ಪ್ರಶ್ನಿಸಿದ್ದರು. ಆದರೆ ಈ ನಿರ್ಣಯಕ್ಕೆ ಆತುರ ಸಲ್ಲದು ಎಂಬುದು ನನ್ನ ಅಭಿಪ್ರಾಯ. ಕ್ಯಾನ್ಸರ್ ರೋಗಿಯಲ್ಲಿ ಹೊಸ ನೋವೆಂದರೆ ರೋಗವೇ ಮುಂದುವರಿದಿರುವ ಸಾಧ್ಯತೆ ಇರುತ್ತದೆ. ನಮ್ಮ ದೇಶದಲ್ಲಂತೂ 1985ರ ಮಾದಕವಸ್ತು ಕಾಯ್ದೆಯ ಪರವಾನಗಿ ತೊಡಕುಗಳಿಂದ ಮಾರ್ಫಿನ್ ಸಿಗದೆ ನರಳಿದವರೇ ಬಹಳ. 2014ರ ತಿದ್ದುಪಡಿ ಬಂದದ್ದು ಅದಕ್ಕಾಗಿಯೇ. ಈ ಚರ್ಚೆಯನ್ನು ಓದಿ ಅಂಥವರಿಗೆ ಯಾರೂ ಔಷಧ ನಿರಾಕರಿಸದಿರಲಿ.

ತುಂಗಾತೀರ
ಹಾಗಾದರೆ ಮಾತ್ರೆಯನ್ನು ಈಗಲೇ ನಿಲ್ಲಿಸಿಬಿಡುವುದು ಲೇಸೇ?

ಅರಿವಳಿಕೆ ವೈದ್ಯೆ
ದಯವಿಟ್ಟು ಹಾಗೆ ಮಾಡಬೇಡಿ. ಥಟ್ಟನೆ ನಿಲ್ಲಿಸಿದರೆ ಬೆವರು, ಭೇದಿ, ನಿದ್ರಾಹೀನತೆಗಳ ಜೊತೆಗೆ ಮೈಕೈ ನೋವೂ ಬರುವುದರಿಂದ, ಯಾವ ನೋವು ಯಾವುದರದೆಂದು ತಿಳಿಯುವುದೇ ಕಷ್ಟವಾಗುತ್ತದೆ. ಮೊದಲು ಬೇರೆ ಕಾರಣಗಳನ್ನು ತಳ್ಳಿಹಾಕಿ, ಆಮೇಲೆ ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ, ಇಲ್ಲವೇ ಬೇರೆ ಓಪಿಯಾಯ್ಡ್‌ಗಳಾದ ಬ್ಯುಪ್ರೆನಾರ್ಫಿನ್‌ಗೋ ಮೆಥಡೋನ್‌ಗೋ ಬದಲಾಯಿಸುತ್ತಾರೆ. ಮೇಲೆ ಹೇಳಿದ ಮೆಥಡೋನ್ ಇಲ್ಲೂ ಬರುವುದು ವಿಚಿತ್ರವೆನಿಸಬಹುದು. ಅದು ಎನ್‌ಎಂಡಿಎ ಗ್ರಾಹಕವನ್ನೂ ಭಾಗಶಃ ತಡೆಯುತ್ತದೆಂಬುದು ಆ ಆಯ್ಕೆಗೆ ಕಾರಣ. ಭಾವನವರು ಸೇವಿಸುತ್ತಿರುವ ಪ್ರಮಾಣ, ಅದನ್ನು ಏರಿಸಿದ ದಿನಾಂಕಗಳು ಮತ್ತು ಆಯಾ ವಾರದ ನೋವಿನ ಸ್ವರೂಪವನ್ನು ಬರೆದಿಟ್ಟುಕೊಂಡು ಅಲ್ಲಿನ ನೋವು ತಜ್ಞರಿಗೆ ತೋರಿಸಲು ಹೇಳಿ.