ಸಣ್ಣಪುಟ್ಟ ಕೆಲಸ ಬಾಕಿ ಇರುವ ಫ್ಲಾಟಿನ ಕೀ ತಗೊಳ್ಳಬಹುದಾ?

ಕೇಳಿದವರು, ಕಾಸರಗೋಡು ವಿದ್ಯಾನಗರದಿಂದ:

ಎರಡು ಬೆಡ್‌ರೂಮಿನ ಹೊಸ ಫ್ಲಾಟ್ ಬುಕ್ ಮಾಡಿದ್ದೇವೆ. ಮೇ ಮುಗಿಯುವುದರೊಳಗೆ ಬಾಕಿ ಹಣ ಕಟ್ಟಿ ಕೀ ತಗೊಳ್ಳಿ ಅಂತ ಬಿಲ್ಡರ್ ಕಾಗದ ಕಳಿಸಿದ್ದಾರೆ. ಹೋಗಿ ನೋಡಿದರೆ ಬಾತ್‌ರೂಮಿನ ನೀರು ಒಂದು ಮೂಲೆಯಲ್ಲಿ ನಿಲ್ಲುತ್ತದೆ, ಅಡುಗೆಮನೆಯ ಎರಡು ಟೈಲ್ಸ್ ಒಡೆದಿವೆ, ಲಿಫ್ಟ್ ಓಡುತ್ತಿಲ್ಲ. "ಅದೆಲ್ಲ ಸಣ್ಣಪುಟ್ಟದ್ದು, ಆಮೇಲೆ ಮಾಡಿಕೊಡ್ತೇವೆ" ಅನ್ನುತ್ತಾರೆ. ಎರಡು ತಿಂಗಳಲ್ಲಿ ತಗೊಳ್ಳಲೇಬೇಕು ಅಂತ ಕಾನೂನೇ ಇದೆಯಂತೆ. ನಮ್ಮವರು ದುಬೈಯಲ್ಲಿದ್ದಾರೆ, ಓಡಾಟ ಎಲ್ಲ ನಂದೇ. ಮನೆ ಒಕ್ಕಲಿಗೆ (ಗೃಹಪ್ರವೇಶಕ್ಕೆ) ಮುಹೂರ್ತ ನೋಡಿಸಿಯೂ ಆಗಿದೆ. ಏನು ಮಾಡಲಿ?

ಕುಂಬಳೆಯಿಂದ:

ತಗೊಳ್ಳಬೇಡಿ ಅಕ್ಕ. ನಾವು ತಗೊಂಡು ಕೆಟ್ಟೆವು. ನಮ್ಮದೂ ಇದೇ ಕಥೆ, ಒಕ್ಕಲಿನ ಅವಸರ. ಪೂರ್ತಿ ಹಣ ಕಟ್ಟಿ, ಅಚ್ಚು ಹಾಕಿದ ಕಾಗದಕ್ಕೆ ಓದದೆ ಸಹಿ ಹಾಕಿದೆ. ಅದರಲ್ಲಿ "ಎಲ್ಲ ಪರಿಶೀಲಿಸಿದ್ದೇನೆ, ತೃಪ್ತಿಯಾಗಿದೆ" ಅಂತ ಇತ್ತು. ಮರುದಿನದಿಂದ ಸೂಪರ್‌ವೈಸರ್ ಫೋನ್ ಎತ್ತುವುದು ನಿಲ್ಲಿಸಿದ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಬಂದಾಗ ಪಡುವಣ ಗೋಡೆ ಒಳಗಿನಿಂದ ಒದ್ದೆ. ಹಸಿ ಗಾರೆಯ ಮೇಲೆ ಅರ್ಜೆಂಟಿನಲ್ಲಿ ಪುಟ್ಟಿ, ಪೇಂಟ್ ಹೊಡೆದಿದ್ದರು, ಅದು ಹಪ್ಪಳದ ಹಾಗೆ ಎದ್ದು ಬಂತು. ಕೇಳಿದರೆ "ನೀವೇ ಸಹಿ ಹಾಕಿದ್ದೀರಲ್ಲ" ಅಂದರು. ಏಳು ತಿಂಗಳು ಸತಾಯಿಸಿದರು.

ಇನ್ನೊಂದು ವಿಷಯ. ಜೂನ್‌ನಲ್ಲಿ ಬಾಗಿಲು ಬಿಗಿಯಾಯಿತು ಅಂತ ಆಚಾರಿಯನ್ನು ಕರೆದು ಹತ್ತರಿ ಹೊಡೆಸಿದೆ. ಜನವರಿಗೆ ಮರ ಒಣಗಿ ಬೆರಳು ತೂರುವಷ್ಟು ಸಂದು. ಅದು ಮಾತ್ರ ಬಿಲ್ಡರ್ ತಪ್ಪಲ್ಲ, ನನ್ನದೇ.

ಉಪ್ಪಳದಿಂದ, ಸೈಟ್ ಸೂಪರ್‌ವೈಸರ್ ಆಗಿ ನಿವೃತ್ತ:

ತಂಗಿ, ಮೊದಲು ಏನೇನು ಬಾಕಿ ಅಂತ ನಿಮಗೇ ಸರಿಯಾಗಿ ಗೊತ್ತಾಗಲಿ. ನೀವು ಹೇಳಿದ್ದು ಕಣ್ಣಿಗೆ ಕಂಡದ್ದು. ಕಾಣದ್ದೇ ಜಾಸ್ತಿ ಇರುತ್ತದೆ.

ಬಾತ್‌ರೂಮಿನ ನೀರು ಹೋಗುವ ತೂತಿಗೆ ಒದ್ದೆ ಬಟ್ಟೆ ತುರುಕಿ, ಎರಡು ಇಂಚು ನೀರು ನಿಲ್ಲಿಸಿ, ಬಾಗಿಲಿಗೆ ಬೀಗ ಹಾಕಿ ಬನ್ನಿ. ಎರಡು ದಿನ ಬಿಟ್ಟು ಕೆಳಗಿನ ಫ್ಲಾಟಿಗೆ ಹೋಗಿ ಅವರ ಸೀಲಿಂಗ್ ನೋಡಿ. ಒದ್ದೆ ಕಲೆ ಇದ್ದರೆ ವಾಟರ್‌ಪ್ರೂಫಿಂಗ್ ಕೈಕೊಟ್ಟಿದೆ ಅಂತಲೇ ಲೆಕ್ಕ. ಟೈಲ್ಸ್ ಕಿತ್ತು ಮಾಡಬೇಕಾದ ಕೆಲಸ ಅದು, ನೀವು ಒಳಗೆ ವಾಸಕ್ಕೆ ಬಂದ ಮೇಲೆ ಯಾರೂ ಮಾಡಿಕೊಡುವುದಿಲ್ಲ. ನೀರು ಮೂಲೆಯಲ್ಲಿ ನಿಲ್ಲುವುದೂ ಹಾಗೇ, ಇಳಿಜಾರು ತಪ್ಪಿದೆ. ಸಿಮೆಂಟ್ ತೇಪೆ ಹಾಕಿ ತೋರಿಸಿದರೆ ಒಪ್ಪಬೇಡಿ.

ಟೈಲ್ಸ್ ಮೇಲೆ ನಾಣ್ಯದಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದಲ್ಲಿ ಚಾಕ್‌ಪೀಸಿನಿಂದ ಗುರುತು ಹಾಕಿ. ಫೋನ್ ಚಾರ್ಜರ್ ಹಿಡಿದು ಒಂದೊಂದೇ ಪ್ಲಗ್ ನೋಡಿ. ಫ್ಲಾಟಿನೊಳಗಿನ ಮೈನ್ ಬೋರ್ಡಿನಲ್ಲಿ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ ಇರುತ್ತದೆ, ಅದರ ಟೆಸ್ಟ್ ಬಟನ್ ಒತ್ತಿದರೆ ಕರೆಂಟ್ ಹೋಗಲೇಬೇಕು. ಕಿಟಕಿಯ ಕೆಳಗಿನ ಚಾನೆಲ್‌ನಲ್ಲಿ ನೀರು ಹೊರಗೆ ಹೋಗಲು ಸಣ್ಣ ತೂತುಗಳಿರುತ್ತವೆ. ಅಲ್ಲಿ ಸಿಮೆಂಟ್ ತುಂಬಿದ್ದರೆ ನಮ್ಮ ಊರಿನ ಮಳೆಗೆ ನೀರು ಸೀದಾ ಹಾಲಿಗೆ.

ಗೋಡೆಯಲ್ಲಿ ಜೇಡರ ಬಲೆಯಂಥ ಕೂದಲೆಳೆ ಬಿರುಕಿಗೆ ಹೆದರಬೇಡಿ, ಗಾರೆ ಒಣಗುವಾಗ ಬರುತ್ತದೆ. ಪಿಲ್ಲರ್ ಮತ್ತು ಕಲ್ಲಿನ ಗೋಡೆ ಸೇರುವಲ್ಲಿ ಉದ್ದಕ್ಕೆ ಗೆರೆ ಬಂದಿದ್ದರೆ ಜಾಲರಿ ಹಾಕದೆ ಗಾರೆ ಮಾಡಿರಬಹುದು. ಬಾಗಿಲು, ಕಿಟಕಿಯ ಮೂಲೆಯಿಂದ ಓರೆಯಾಗಿ ಹೋಗಿ ಅಗಲವಾಗುತ್ತಿರುವ ಬಿರುಕು ಇದ್ದರೆ ಮಾತ್ರ ಎಂಜಿನಿಯರನ್ನು ಕರೆದು ತೋರಿಸಿ.

ಮಂಜೇಶ್ವರದಿಂದ, ಬ್ಯಾಂಕಿನಲ್ಲಿ ಕೆಲಸ:

ಸಾಲ ಇದೆಯಾ? ಇದ್ದರೆ ಕೊನೆಯ ಕಂತು ಬಿಡುಗಡೆಗೆ ನಿಮ್ಮ ಒಪ್ಪಿಗೆ ಕೇಳುತ್ತಾರೆ. ನಾನು ಹೇಳುವವರೆಗೆ ಬಿಡಬೇಡಿ ಅಂತ ಬ್ರ್ಯಾಂಚಿಗೆ ಇಮೇಲ್ ಹಾಕಿ. ಆದರೆ ಕರಾರನ್ನು ಮೊದಲು ಓದಿ. ಕೊನೆಯ ಕಂತು "ಕೀ ಕೊಡುವಾಗ" ಅಂತ ಇದ್ದರೆ ಹಿಡಿದಿಡಲು ಜಾಗ ಇದೆ. ಪೇಂಟಿಂಗ್ ಆದ ಕೂಡಲೇ ಅಂತ ಇದ್ದರೆ ತಡಮಾಡಿದ್ದಕ್ಕೆ ಬಡ್ಡಿ ಹಾಕಬಹುದು.

ಬದಿಯಡ್ಕದಿಂದ:

ಆ ಎರಡು ತಿಂಗಳ ಬೆದರಿಕೆ ನಮಗೂ ಹಾಕಿದ್ದರು. ಅದು ಪೂರ್ತಿ ಸುಳ್ಳಲ್ಲ, ಅರ್ಧ ಸತ್ಯ. 2016ರ ರೇರಾ ಕಾನೂನಿನ (ಬಿಲ್ಡರ್‌ಗಳಿಗೆ, ಫ್ಲಾಟ್ ಕೊಳ್ಳುವವರಿಗೆ ಇರುವ ರಿಯಲ್ ಎಸ್ಟೇಟ್ ಕಾನೂನು) 19ನೇ ಸೆಕ್ಷನ್‌ನಲ್ಲಿ ಎರಡು ತಿಂಗಳು ಅಂತ ಇದೆ. ಆದರೆ ಅದು ಆಕ್ಯುಪೆನ್ಸಿ ಸರ್ಟಿಫಿಕೇಟ್ (ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಕೊಡುವ ಪತ್ರ) ಸಿಕ್ಕಿದ ದಿನದಿಂದ, ಬಿಲ್ಡರ್ ಕಾಗದ ಬರೆದ ದಿನದಿಂದ ಅಲ್ಲ. ಆ ಸರ್ಟಿಫಿಕೇಟಿನ ಕಾಪಿ ಕೊಡಿ ಅಂತ ಕೇಳಿ. ನಾನು ಕೇಳಿದ ಮೇಲೆ ಮೂರು ವಾರ ಸುದ್ದಿಯೇ ಇಲ್ಲ! ಮುನಿಸಿಪಾಲಿಟಿ ಕೊಟ್ಟ ಮನೆ ನಂಬರನ್ನೂ ಕೇಳಿ. ಲಿಫ್ಟಿಗೆ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರೇಟಿನ ಲೈಸೆನ್ಸ್ ಬೇಕು, ಓಡದಿರುವುದಕ್ಕೆ ಅದೇ ಕಾರಣ ಇರಬಹುದು.

ಅದೇ ಕಾನೂನಿನ 14ನೇ ಸೆಕ್ಷನ್ ನಿಮ್ಮ ಪರ ಇದೆ. ಸ್ವಾಧೀನ ಕೊಟ್ಟು ಐದು ವರ್ಷದೊಳಗೆ ಕಾಣುವ ದೋಷವನ್ನು, ಸ್ಟ್ರಕ್ಚರ್ ಮಾತ್ರ ಅಲ್ಲ, ಕೆಲಸದ ಗುಣಮಟ್ಟದ್ದನ್ನೂ, ಹೇಳಿದ 30 ದಿನದಲ್ಲಿ ಪುಕ್ಕಟೆ ಸರಿಮಾಡಬೇಕು. ಕರಾರಿನಲ್ಲಿ "ಒಂದು ವರ್ಷ ವಾರಂಟಿ" ಅಂತ ಬರೆದಿದ್ದರೆ ಅಷ್ಟಕ್ಕೇ ಸುಮ್ನೆ ಕೂರಬೇಡಿ. ಈ ಕಾನೂನಿನಡಿ ದೂರು ಕೇಳುವ ಕೇರಳ ರೇರಾ ಪ್ರಾಧಿಕಾರ ಇರುವುದು ತಿರುವನಂತಪುರದಲ್ಲಿ, ರಾತ್ರಿಯಿಡೀ ರೈಲು. ಆದರೆ ದೂರು ಆನ್‌ಲೈನಿನಲ್ಲೇ ಹಾಕಬಹುದು. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗವೂ ಇದೆ, ಅದು ನಮ್ಮ ಜಿಲ್ಲೆಯಲ್ಲೇ.

ಚೆರ್ಕಳದಿಂದ:

ಎಲ್ಲರೂ ಯುದ್ಧಕ್ಕೇ ಹೊರಟಿದ್ದೀರಿ ಮಾರಾಯ್ರೆ. ನಾನು ಕೀ ತಗೊಂಡೆ. ಬಾಡಿಗೆ ಮನೆಯ ಬಾಡಿಗೆ, ಸಾಲದ ಕಂತು ಎರಡೂ ಕಟ್ಟಿ ಸಾಕಾಗಿತ್ತು. ಆದರೆ ಸಹಿಯ ಮೇಲೆ "ಲಗತ್ತಿಸಿದ ಪಟ್ಟಿಯ 22 ಕೆಲಸ ಬಾಕಿ" ಅಂತ ಕೈಯಲ್ಲಿ ಬರೆದು, ಪಟ್ಟಿಗೆ ಅವರ ಸಹಿ, ಸೀಲ್ ಹಾಕಿಸಿಕೊಂಡೆ. ಒಂದೊಂದಕ್ಕೂ ಫೋಟೋ, ತಾರೀಕು. ಮೇಸ್ತ್ರಿಗೆ ಚಾ ಕೊಟ್ಟು ಮಾತಾಡಿಸಿದೆ. 20 ಆಯಿತು. ಉಳಿದ ಎರಡು ಇವತ್ತಿಗೂ ಹಾಗೇ ಇವೆ. ಟೈಲ್ಸ್, ಪೇಂಟ್ ಬಾಕಿ ಇದ್ದರೆ ಹೀಗೆ ತಗೊಳ್ಳಬಹುದು. ನೀರಿನದ್ದಾದರೆ ಉಪ್ಪಳದವರ ಮಾತೇ ಸರಿ.

ಮತ್ತೆ ವಿದ್ಯಾನಗರದಿಂದ:

ನೀರು ನಿಲ್ಲಿಸಿದೆ. ಎರಡನೇ ದಿನ ಕೆಳಗಿನ ಫ್ಲಾಟಿನ ಸೀಲಿಂಗಿನಲ್ಲಿ ತಟ್ಟೆಯಗಲ ಒದ್ದೆ ಕಲೆ. ಫೋಟೋ ತೆಗೆದು, ಸರ್ಟಿಫಿಕೇಟ್ ಕಾಪಿಯನ್ನೂ ಕೇಳಿ ಇಮೇಲ್ ಹಾಕಿದೆ. ಬ್ಯಾಂಕಿಗೂ ಬರೆದೆ. ಇವತ್ತು ಬಾತ್‌ರೂಮಿನ ಟೈಲ್ಸ್ ಕೀಳಲು ಜನ ಬಂದಿದ್ದಾರೆ. ಸರ್ಟಿಫಿಕೇಟ್ ಬಗ್ಗೆ ಮಾತ್ರ ಮಾತಿಲ್ಲ. ಅತ್ತೆಗೆ ಸ್ವಲ್ಪ ಬೇಜಾರು. ಇನ್ನು ಆಟಿ ಕಳೆಯದೆ ಒಕ್ಕಲು ಮಾಡುವ ಹಾಗಿಲ್ಲವಲ್ಲ. ಮಳೆಗೆ ಪಡುವಣ ಗೋಡೆ ಹೇಗಿರುತ್ತದೆ ಅಂತ ಅಷ್ಟರಲ್ಲಿ ನೋಡಿದ ಹಾಗೂ ಆಯಿತು ಅಂತ ಅವರಿಗೆ ಹೇಳಿದ್ದೇನೆ.