ಮಕ್ಕಳಿಗೂ ದೊಡ್ಡವರಿಗೂ ನರ್ಸ್ ಆಗಬೇಕು, ಏನು ಓದಲಿ?

ಪೆರ್ಲದವಳು:

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಪೆರ್ಲದವಳು. ಪ್ಲಸ್ ಟು ಸೈನ್ಸ್, ಮಾರ್ಚಿನಲ್ಲಿ ಪರೀಕ್ಷೆ. ಹತ್ತರವರೆಗೆ ಕನ್ನಡ ಮೀಡಿಯಂ. ನರ್ಸಿಂಗ್‌ಗೇ ಹೋಗುತ್ತೇನೆ ಅಂತ ಮನೆಯಲ್ಲಿ ಹೇಳಿ ಆಗಿದೆ. ಅಪ್ಪ ಸರಿ ಅಂದರು. ಅಮ್ಮ ಇನ್ನೂ ಬಾಯಿ ಬಿಟ್ಟಿಲ್ಲ.

ಯಾಕೆ ನರ್ಸಿಂಗ್ ಅಂತ ಮೊದಲು ಹೇಳುತ್ತೇನೆ, ಇಲ್ಲದಿದ್ದರೆ ಪ್ರಶ್ನೆ ಅರ್ಥ ಆಗಲಿಕ್ಕಿಲ್ಲ. ನಮ್ಮ ಮನೆಯಲ್ಲಿ ದೊಡ್ಡಪ್ಪನ ಮಗ ಇದ್ದಾನೆ. ನನಗೆ ಅಣ್ಣ. ವಯಸ್ಸು 27. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿದೆ. ಮಾತು ಬರುವುದಿಲ್ಲ, ನಡೆಯುವುದಿಲ್ಲ. ನೋಡಿದರೆ ಆರೇಳು ವರ್ಷದ ಹುಡುಗನ ಹಾಗೆ. ತೂಕ ಇಪ್ಪತ್ತು ಕಿಲೋ ಇರಬಹುದು. ಸರಿಯಾಗಿ ತೂಗಿದವರೇ ಇಲ್ಲ.

ಕಳೆದ ಆಟಿ ತಿಂಗಳಲ್ಲಿ ಜ್ವರ, ಕಫ ಜಾಸ್ತಿಯಾಗಿ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಯಾವ ಆಸ್ಪತ್ರೆ ಅಂತ ಬೇಡ. ಮಕ್ಕಳ ವಾರ್ಡಿನವರು ಆಧಾರ್ ಕಾರ್ಡ್ ನೋಡಿ, 27 ವರ್ಷ ಆಗಿದೆ, ಇಲ್ಲಿ ಆಗುವುದಿಲ್ಲ ಅಂದರು. ದೊಡ್ಡವರ ವಾರ್ಡಿನಲ್ಲಿ ಬಿಪಿ ನೋಡುವ ಪಟ್ಟಿ ಅವನ ಕೈಗೆ ಎರಡು ಸುತ್ತು ಬಂತು. ಬಿಪಿ ತುಂಬಾ ಕಡಿಮೆ ಅಂತ ಎಲ್ಲರೂ ಓಡಾಡಿದರು. ಗ್ಲೂಕೋಸ್ ಹಾಕಲು ಮೂರು ಸಲ ಚುಚ್ಚಿದರು, ನರ ಸಿಗಲಿಲ್ಲ. ಅವನು ಅಳುವುದಿಲ್ಲ, ಸುಮ್ನೆ ಕಾಲು ಬಿಗಿ ಹಿಡಿಯುತ್ತಾನೆ. ಕೊನೆಗೆ ಮಕ್ಕಳ ವಾರ್ಡಿನಿಂದಲೇ ಒಬ್ಬರು ಸಿಸ್ಟರ್ ಬಂದರು. ಹಳದಿ ಬಣ್ಣದ ಸಣ್ಣ ಸೂಜಿ ತಂದಿದ್ದರು. ಒಂದೇ ಸಲಕ್ಕೆ ಹೋಯಿತು. ಹೋಗುವಾಗ ಅವನ ಕೆನ್ನೆ ಮುಟ್ಟಿ ಹೋದರು.

ನನಗೆ ಆ ಸಿಸ್ಟರ್ ಹಾಗೆ ಆಗಬೇಕು. ಆದರೆ ದೊಡ್ಡವರ ವಾರ್ಡಿನಲ್ಲೇ ಇರುವ ಆ ಸಿಸ್ಟರ್. ಇಂಗ್ಲೆಂಡಿನಲ್ಲಿ ಮಕ್ಕಳ ನರ್ಸ್ ಬೇರೆ, ದೊಡ್ಡವರ ನರ್ಸ್ ಬೇರೆ, ಎರಡೂ ಸೇರಿಸಿ ಓದುವ ಕೋರ್ಸ್ ಕೂಡ ಉಂಟು ಅಂತ ಗೆಳತಿಯ ಅಕ್ಕ ಹೇಳಿದರು. ನಮ್ಮಲ್ಲಿ ಹಾಗೆ ಉಂಟಾ? ಮಂಗಳೂರಿಗೆ ಹೋಗುವುದಾ, ಕೇರಳದಲ್ಲೇ ನೋಡುವುದಾ? ಕನ್ನಡ ಮೀಡಿಯಂ ಆದವರಿಗೆ ಕಷ್ಟವಾ? ಗೊತ್ತಿರುವವರು ಹೇಳಿ.

ಎಂಟನೇ ವಾರ್ಡು:

ತಂಗಿ, ನಾನು ಉಪ್ಪಳದ ಕಡೆಯವಳು. ಮಂಗಳೂರಿನಲ್ಲಿ ನರ್ಸ್ ಆಗಿ 14 ವರ್ಷ. ನೈಟ್ ಡ್ಯೂಟಿ ಮುಗಿಸಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊ.

ನಮ್ಮಲ್ಲಿ ಮಕ್ಕಳ ನರ್ಸ್, ದೊಡ್ಡವರ ನರ್ಸ್ ಅಂತ ಬೇರೆ ಬೇರೆ ಇಲ್ಲ. ಬಿಎಸ್ಸಿ ನರ್ಸಿಂಗ್ 4 ವರ್ಷ, 8 ಸೆಮಿಸ್ಟರ್. ದೊಡ್ಡವರ ಆರೈಕೆ ಮೂರು ಮತ್ತು ನಾಲ್ಕನೇ ಸೆಮಿಸ್ಟರಿನಲ್ಲಿ ಬರುತ್ತದೆ, ಮಕ್ಕಳದ್ದು ಐದು ಮತ್ತು ಆರರಲ್ಲಿ. ಮಧ್ಯದಲ್ಲಿ ಮಾನಸಿಕ ಆರೋಗ್ಯ, ಹೆರಿಗೆ, ಸಮುದಾಯ ಎಲ್ಲ ಇದೆ. ಕೊನೆಯ ಸೆಮಿಸ್ಟರ್ ಪೂರ್ತಿ ಇಂಟರ್ನ್‌ಶಿಪ್. ನರ್ಸಿಂಗ್ ಕೌನ್ಸಿಲ್ ಕೊಡುವ ರಿಜಿಸ್ಟ್ರೇಷನ್‌ನಲ್ಲಿ ನರ್ಸ್ ಮತ್ತು ಮಿಡ್‌ವೈಫ್ ಅಂತ ಇರುತ್ತದೆ. ಮಕ್ಕಳದ್ದು, ದೊಡ್ಡವರದ್ದು ಅಂತ ಯಾರೂ ಬರೆದು ಕೊಡುವುದಿಲ್ಲ. ಕಾಗದದ ಮಟ್ಟಿಗೆ ನೀನು ಕೇಳಿದ್ದು ನಾಲ್ಕು ವರ್ಷದಲ್ಲಿ ಸಿಗುತ್ತದೆ.

ಕಾಗದ ಬೇರೆ, ಕೈ ಬೇರೆ. ನನಗೆ ಮೊದಲು ಸಿಕ್ಕಿದ್ದು ದೊಡ್ಡವರ ಐಸಿಯು. ಮೂರು ವರ್ಷ ಅಲ್ಲಿ. ಎಲ್ಲ ಗೊತ್ತು ಅನ್ನುವ ಜಂಬ ಬಂದಿತ್ತು. ಆಮೇಲೆ ನವಜಾತ ಶಿಶುಗಳ ವಾರ್ಡಿಗೆ ಹಾಕಿದರು. ಮೊದಲ ರಾತ್ರಿ ಮಾನಿಟರ್‌ನಲ್ಲಿ ಹೃದಯ ಬಡಿತ 150 ಕಂಡಿತು. ನಾನು ಓಡಿದೆ. ಇನ್‌ಚಾರ್ಜ್ ಸಿಸ್ಟರ್ ತಲೆ ಎತ್ತದೆ, "ಮಗು ಮಲಗಿದೆ, ಎಬ್ಬಿಸಬೇಡ" ಅಂದರು. ದೊಡ್ಡವರಿಗೆ 60ರಿಂದ 100 ಸರಿ. ಹುಟ್ಟಿದ ಮಗುವಿಗೆ 120ರಿಂದ 160 ಸರಿ. ಪುಸ್ತಕದಲ್ಲಿ ಓದಿ ಪಾಸಾಗಿದ್ದೆ. ಆದರೆ ಕಾಲಿಗೆ ಅದು ಗೊತ್ತಿರಲಿಲ್ಲ.

ಔಷಧದ ವಿಷಯ ಇನ್ನೂ ನಾಜೂಕು. ದೊಡ್ಡವರಿಗೆ ಒಂದು ಮಾತ್ರೆ ಅಂದರೆ ಮುಗಿಯಿತು. ಮಕ್ಕಳಿಗೆ ಎಲ್ಲ ತೂಕದ ಲೆಕ್ಕ. ಪ್ಯಾರಸಿಟಮಾಲ್ ತೆಗೆದುಕೊ. ಕಿಲೋಗೆ 15 ಮಿಲಿಗ್ರಾಂ, ಅಂದರೆ 10 ಕಿಲೋದ ಮಗುವಿಗೆ 150. ಡ್ರಾಪ್ಸ್ ಆದರೆ 1 ಎಂಎಲ್‌ನಲ್ಲೇ 100 ಮಿಲಿಗ್ರಾಂ ಇರುತ್ತದೆ, ಹಾಗಾಗಿ ಒಂದೂವರೆ ಎಂಎಲ್ ಸಾಕು. ಸಿರಪ್‌ನಲ್ಲಿ 5 ಎಂಎಲ್‌ಗೆ 125 ಇರುವುದೂ ಇದೆ, 250 ಇರುವುದೂ ಇದೆ. ಮೊದಲನೆಯದಾದರೆ 6 ಎಂಎಲ್, ಎರಡನೆಯದಾದರೆ 3. ಬಾಟಲಿ ನೋಡದೆ "ಒಂದು ಚಮಚ" ಅಂದವರನ್ನು ನಾನು ಇವತ್ತಿಗೂ ಬೈಯುತ್ತೇನೆ.

ಈಗ ನಿನ್ನ ಅಣ್ಣನ ಲೆಕ್ಕ ಮಾಡು. 20 ಕಿಲೋ ಅಂತ ಇಟ್ಟುಕೊಂಡರೆ 300. ಆಧಾರ್ ನೋಡಿ 650ರ ಮಾತ್ರೆ ಕೊಟ್ಟರೆ ಎರಡು ಪಾಲಿಗಿಂತ ಜಾಸ್ತಿ ಆಯಿತು. ಅದಕ್ಕೇ ಮೊದಲು ಅವನನ್ನು ತೂಗಿ, ಎಲ್ಲಿಗೆ ಹೋದರೂ ಡಾಕ್ಟರಿಗೆ ಮೊದಲ ಮಾತೇ ತೂಕ ಹೇಳಿ.

ಬಿಪಿ ಕಡಿಮೆ ಅಂತ ಓಡಾಡಿದ್ದು ಓದಿ ನನಗೆ ಬೇಸರವಾಯಿತು, ಆಶ್ಚರ್ಯ ಆಗಲಿಲ್ಲ. ಕೈಗಿಂತ ದೊಡ್ಡ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಒಳಗಿನ ಗಾಳಿ ಚೀಲದ ಅಗಲ ತೋಳಿನ ಸುತ್ತಳತೆಯ ನೂರಕ್ಕೆ ನಲವತ್ತರಷ್ಟು ಇರಬೇಕು. ಮಕ್ಕಳ ಪಟ್ಟಿ ಕಟ್ಟಿದ್ದರೆ ಅವನ ಬಿಪಿ ಸರಿಯೇ ಇತ್ತೋ ಏನೋ. ಆ ಹಳದಿ ಸೂಜಿ 24 ನಂಬರಿನದು. ದೊಡ್ಡವರ ವಾರ್ಡಿನ ಟ್ರೇಯಲ್ಲಿ ಸಾಮಾನ್ಯವಾಗಿ ಗುಲಾಬಿ, ಹಸಿರು ಇರುತ್ತವೆ. 20, 18. ಅವು ಅವನ ನರಕ್ಕೆ ತೋಟದ ಪೈಪು ಇದ್ದ ಹಾಗೆ.

ಕಾಲು ಬಿಗಿ ಹಿಡಿಯುತ್ತಾನೆ ಅಂತ ಬರೆದೆಯಲ್ಲ, ಅದು ನೋವಿನ ಗುರುತು. ಮಾತು ಬಾರದ ಮಕ್ಕಳಲ್ಲಿ ನಾವು ಐದು ವಿಷಯ ನೋಡುತ್ತೇವೆ: ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನ ಮಾಡಿದರೆ ಸುಮ್ಮನಾಗುತ್ತದೋ ಇಲ್ಲವೋ. ಒಂದೊಂದಕ್ಕೂ ಸೊನ್ನೆಯಿಂದ ಎರಡು ಅಂಕ, ಒಟ್ಟು ಹತ್ತು. ಮಾತು ಬಾರದ ದೊಡ್ಡವರಿಗೂ ಇದನ್ನೇ ಬಳಸಬಹುದು. ಯಾರೂ ಹೇಳಿಕೊಡದೆ ಅದರಲ್ಲಿ ಒಂದನ್ನು ನೀನು ಗಮನಿಸಿದ್ದೀ. ನಮ್ಮ ಹೊಸ ಹುಡುಗಿಯರಿಗೆ ಇದನ್ನು ಕಲಿಸಲು ನನಗೆ ಆರು ತಿಂಗಳು ಬೇಕು.

ಹಾಗಾಗಿ ಕಾಲೇಜು ಹುಡುಕುವಾಗ ಕಟ್ಟಡ ನೋಡಬೇಡ. ವಿದ್ಯಾರ್ಥಿಗಳನ್ನು ಯಾವ ಆಸ್ಪತ್ರೆಗೆ ಪೋಸ್ಟಿಂಗ್ ಹಾಕುತ್ತಾರೆ, ಅಲ್ಲಿ ಮಕ್ಕಳ ವಾರ್ಡು ತುಂಬಿರುತ್ತದಾ ಅಂತ ಕೇಳು. ಮಂಗಳೂರಿನ ವೆನ್ಲಾಕ್‌ನಲ್ಲಿ ಮಕ್ಕಳಿಗೆ ಬೇರೆಯೇ ವಿಭಾಗ ಇದೆ, ಹೆರಿಗೆಗೆ ಲೇಡಿಗೋಶನ್ ಇದೆ. ಅಂಥ ಕಡೆ ನಿಂತು ಕಲಿತ ಕೈ ಬೇರೆ. ಕೆಲಸಕ್ಕೆ ಸೇರಿದ ಮೇಲೆ ಎರಡು ವರ್ಷ ದೊಡ್ಡವರದ್ದು, ಎರಡು ವರ್ಷ ಮಕ್ಕಳದ್ದು ಅಂತ ನೀನೇ ಬಾಯಿ ಬಿಟ್ಟು ಕೇಳು. ಎಂಎಸ್ಸಿಗೆ ಅವಸರ ಮಾಡಬೇಡ. ಅಲ್ಲಿ ಮಕ್ಕಳದ್ದೋ ದೊಡ್ಡವರದ್ದೋ ಒಂದನ್ನೇ ಆರಿಸಬೇಕು.

ಕೇರಳದಲ್ಲಿ ಸೀಟು ಹಂಚುವುದು ಎಲ್‌ಬಿಎಸ್ ಸೆಂಟರ್ ಅನ್ನುವ ಸರ್ಕಾರಿ ಸಂಸ್ಥೆ. ಕರ್ನಾಟಕದಲ್ಲಿ ಸರ್ಕಾರಿ ಕೋಟಾ ಸಿಇಟಿ ಪ್ರವೇಶ ಪರೀಕ್ಷೆಯ ಮೂಲಕ. ಗಡಿನಾಡ ಕನ್ನಡಿಗರು ಅಂತ ನಮಗೂ ಸಿಇಟಿಗೆ ಅವಕಾಶ ಇದೆ, ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಕನ್ನಡ ಮೀಡಿಯಂ ಎಲ್ಲಾದರೂ ಉಪಕಾರಕ್ಕೆ ಬಂದರೆ ಅಲ್ಲೇ! ಮಂಗಳೂರಿನಲ್ಲಿ ಓದಿ ಕೇರಳದಲ್ಲಿ ಕೆಲಸ ಮಾಡಬೇಕಾದರೆ ಅಲ್ಲಿನ ಕೌನ್ಸಿಲ್‌ನಲ್ಲೂ ಹೆಸರು ನೋಂದಾಯಿಸಬೇಕು. ಏಜೆಂಟರ ಕೈಗೆ ಮಾತ್ರ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡಬೇಡ. ನನ್ನದು ಹೀಗೆ ಒಂದು ಕಡೆ ಸಿಕ್ಕಿಬಿದ್ದು, ಬಿಡಿಸಿಕೊಳ್ಳಲು ಅಪ್ಪ ಅಡಿಕೆ ಮಾರಿದ್ದು ಈಗಲೂ ನೆನಪಿದೆ.

ಭಾಷೆಗೆ ಹೆದರಬೇಡ. ಮೊದಲ ವರ್ಷ ಅನಾಟಮಿ ಇಂಗ್ಲಿಷಿನಲ್ಲಿ ತಲೆಗೆ ಹೋಗುವುದಿಲ್ಲ, ಯಾರಿಗೂ ಹೋಗುವುದಿಲ್ಲ. ಆದರೆ ವಾರ್ಡಿನಲ್ಲಿ ತುಳುವಿನವರಿಗೆ "ಬೇನೆ ಉಂಡಾ", ಮಲಯಾಳದವರಿಗೆ "ವೇದನ ಉಂಡೋ" ಅಂತ ಕೇಳಬಲ್ಲವಳು ನಮ್ಮ ಕಡೆಯ ಹುಡುಗಿಯೇ ಅಲ್ವಾ?

ಕುಂಬಳೆಯಿಂದ ಲೀಡ್ಸ್:

ಮೇಲಿನ ಅಕ್ಕ ಹೇಳಿದ್ದು ಸರಿ. ಇಂಗ್ಲೆಂಡಿನ ವಿಷಯ ನಾನು ಹೇಳುತ್ತೇನೆ, ಐದು ವರ್ಷದಿಂದ ಇಲ್ಲಿದ್ದೇನೆ.

ಇಲ್ಲಿ ನರ್ಸಿಂಗ್‌ನಲ್ಲಿ ನಾಲ್ಕು ದಾರಿ. ದೊಡ್ಡವರು, ಮಕ್ಕಳು, ಮಾನಸಿಕ ಆರೋಗ್ಯ, ಮತ್ತು ಬೌದ್ಧಿಕ ಅಂಗವೈಕಲ್ಯ ಇರುವವರು. ಒಂದು ದಾರಿಗೆ ಸಾಮಾನ್ಯವಾಗಿ 3 ವರ್ಷ. ಎರಡು ಸೇರಿಸಿ ಓದಿದರೆ ಹೆಚ್ಚಾಗಿ 4 ವರ್ಷ, ಮುಗಿದ ಮೇಲೆ ಎರಡಕ್ಕೂ ರಿಜಿಸ್ಟ್ರೇಷನ್. ಒಂದೇ ದಾರಿಗಾದರೂ 4,600 ಗಂಟೆ ಲೆಕ್ಕ, ಅದರಲ್ಲಿ ಅರ್ಧ ಪಾಠ, ಅರ್ಧ ರೋಗಿಗಳ ಜೊತೆ. ಗೆಳತಿಯ ಅಕ್ಕ ಹೇಳಿದ್ದು ಇದೇ ಕೋರ್ಸ್ ಇರಬೇಕು. ಆದರೆ ಊರಿನಿಂದ ಬಂದು ಅದಕ್ಕೆ ಸೇರಿದರೆ ಹೊರದೇಶದವರ ಫೀಸ್. ಅಪ್ಪನ ತೋಟ ಮಾರಬೇಕಾದೀತು, ಬೇಡ.

ನಾನು ಊರಿನಲ್ಲೇ ಬಿಎಸ್ಸಿ ಮಾಡಿ, ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆದು, ಆಮೇಲೆ ಇವರ ಕಂಪ್ಯೂಟರ್ ಪರೀಕ್ಷೆ, ಓಎಸ್‌ಸಿಇ ಪರೀಕ್ಷೆ ಮುಗಿಸಿದೆ. ಓಎಸ್‌ಸಿಇಯಲ್ಲಿ ಹತ್ತು ಕಡೆ ನಿಲ್ಲಿಸಿ ಕೆಲಸ ಮಾಡಿ ತೋರಿಸಲು ಹೇಳುತ್ತಾರೆ. ರೋಗಿಯ ಪಾತ್ರ ಮಾಡುವವರು ಇರುತ್ತಾರೆ, ಇಲ್ಲವಾದರೆ ಬೊಂಬೆ. ನಾನು ಬೊಂಬೆಗೆ "ನೋವುಂಟಾ ಅಜ್ಜಾ" ಅಂತ ಕನ್ನಡದಲ್ಲೇ ಕೇಳಿಬಿಟ್ಟೆ, ಪುಣ್ಯಕ್ಕೆ ಪಾಸ್. ಯಾವ ದಾರಿಗೆ ಅರ್ಜಿ ಹಾಕುತ್ತೇವೋ ಆ ದಾರಿಯದೇ ಪರೀಕ್ಷೆ. ನನ್ನದು ದೊಡ್ಡವರದ್ದು. ಊರಿನಲ್ಲಿ ಎರಡು ವರ್ಷ ಮಕ್ಕಳ ವಾರ್ಡಿನಲ್ಲಿ ದುಡಿದಿದ್ದೆ, ಆದರೆ ಇಲ್ಲಿ ಮಕ್ಕಳ ವಾರ್ಡಿನ ಹುದ್ದೆಗೆ ಮಕ್ಕಳ ನರ್ಸನ್ನೇ ಕೇಳುತ್ತಾರೆ. ಆ ಅನುಭವ ಸೂಟ್‌ಕೇಸಿನಲ್ಲೇ ಉಳಿಯಿತು.

ನಿನಗೆ ಹೇಳಬೇಕು ಅನ್ನಿಸಿದ್ದು ಬೇರೆ. ನಿನ್ನ ಅಣ್ಣನಂಥವರಿಗೆ ಇಲ್ಲಿ ಹತ್ತಿರವಾಗುವುದು ಆ ನಾಲ್ಕನೇ ದಾರಿಯ ನರ್ಸ್. ನೀನು ಹುಡುಕುತ್ತಿರುವುದು ನಿಜವಾಗಿ ಅದನ್ನೇ ಏನೋ. ಹಾಗಂತ ಇಲ್ಲಿ ಎಲ್ಲ ಸುಸೂತ್ರ ಅಂದುಕೊಳ್ಳಬೇಡ. 16ರಿಂದ 18 ವರ್ಷದ ಒಳಗೆ ಮಕ್ಕಳ ಡಾಕ್ಟರಿಂದ ದೊಡ್ಡವರ ಡಾಕ್ಟರಿಗೆ ಫೈಲ್ ಹೋಗುತ್ತದೆ. ಹದಿನೆಂಟು ವರ್ಷ ಒಂದೇ ಡಾಕ್ಟರನ್ನು ನೋಡಿದ ತಾಯಂದಿರು ನಮ್ಮ ವಾರ್ಡಿಗೆ ಬಂದು ನಿಂತಾಗ ಅವರ ಮುಖ ನೋಡಲಾಗುವುದಿಲ್ಲ.

ಆಶಾ ಚೀಲ:

ನಾನು ನರ್ಸ್ ಅಲ್ಲ, ಆಶಾ ಕಾರ್ಯಕರ್ತೆ. ಹಾಸಿಗೆ ಹಿಡಿದವರನ್ನು ಮನೆಗೇ ಹೋಗಿ ನೋಡುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ಜೊತೆ ಮನೆ ಮನೆಗೆ ಹೋಗುತ್ತೇನೆ. ಕಳೆದ ವಾರ ಒಂದೇ ಗುಡ್ಡೆಯಲ್ಲಿ 84ರ ಅಜ್ಜನಿಗೆ ಮೂತ್ರದ ಟ್ಯೂಬ್ ಬದಲಿಸಿ, ಇಳಿದು ಬಂದು 9 ವರ್ಷದ ಹುಡುಗಿಯ ಬೆನ್ನಿನ ಹುಣ್ಣು ತೊಳೆದರು. ಒಂದೇ ಚೀಲ, ಒಂದೇ ಸಿಸ್ಟರ್. ಮಕ್ಕಳ ವಾರ್ಡು, ದೊಡ್ಡವರ ವಾರ್ಡು ಎಲ್ಲ ಡಾಮಾರು ರಸ್ತೆ ಇರುವಲ್ಲಿಯವರೆಗೆ ಮಾತ್ರ. ಮಗಳೇ, ಅರ್ಜಿ ಹಾಕುವ ಮೊದಲು ಒಂದು ದಿನ ನಿಮ್ಮ ಪಂಚಾಯತಿನ ತಂಡದ ಜೊತೆ ಹೋಗಿ ನೋಡು. ಹುಣ್ಣಿನ ವಾಸನೆ ತಡೆಯುತ್ತದಾ ಅಂತ ಮೊದಲೇ ಗೊತ್ತಾಗಲಿ.

ಪೆರ್ಲದವಳು:

ಅಕ್ಕಂದಿರಿಗೆ, ಲೀಡ್ಸಿನ ಅಣ್ಣನಿಗೆ ತುಂಬಾ ಥ್ಯಾಂಕ್ಸ್. ನಾಲ್ಕನೇ ದಾರಿಯ ವಿಷಯ ರಾತ್ರಿ ಎಲ್ಲ ತಲೆಯಲ್ಲಿ ತಿರುಗಿತು. ನಮ್ಮಲ್ಲಿ ಅದು ಇಲ್ಲದಿದ್ದರೆ ಬಿಎಸ್ಸಿಯನ್ನೇ ಮಾಡುತ್ತೇನೆ.

ನಿನ್ನೆ ಅಣ್ಣನನ್ನು ತೂಗಿದೆವು. ಅಡಿಕೆ ತೂಗುವ ತಕ್ಕಡಿ ಇದೆಯಲ್ಲ, ಅಪ್ಪ ಅವನನ್ನು ಎತ್ತಿಕೊಂಡು ಅದರ ಮೇಲೆ ನಿಂತರು. 79.4. ಅಪ್ಪ ಒಬ್ಬರೇ ನಿಂತಾಗ 61. ಹಾಗಾದರೆ ಅವನು 18.4. ಆಸ್ಪತ್ರೆಯ ಫೈಲಿನ ಮೇಲೆ ಮಾರ್ಕರ್‌ನಲ್ಲಿ ದೊಡ್ಡದಾಗಿ ಬರೆದೆ: ತೂಕ 18.4 ಕಿಲೋ, ಬಿಪಿಗೆ ಮಕ್ಕಳ ಪಟ್ಟಿ, 24 ನಂಬರ್ ಸೂಜಿ, ಕಾಲು ಬಿಗಿ ಹಿಡಿದರೆ ನೋವು. ಅಮ್ಮ ಓದಿ, ಕೆಳಗೆ ತಾವೇ ಒಂದು ಸಾಲು ಸೇರಿಸಿದರು: "ಹಾಡು ಹೇಳಿದರೆ ಸುಮ್ಮನಾಗುತ್ತಾನೆ." ಆಮೇಲೆ ಅರ್ಜಿ ಯಾವಾಗ ಹಾಕುವುದು ಅಂತ ಕೇಳಿದರು.

ಎಂಟನೇ ವಾರ್ಡಿನ ಅಕ್ಕಾ, ಗಡಿನಾಡಿನವರು ಅಂತ ತೋರಿಸಲು ಯಾವ ಸರ್ಟಿಫಿಕೇಟ್ ಬೇಕು? ವಿಲೇಜ್ ಆಫೀಸಿನಲ್ಲೇ ಕೊಡುತ್ತಾರಾ, ತಾಲೂಕು ಆಫೀಸಿಗೆ ಹೋಗಬೇಕಾ? ಸೋಮವಾರ ಅಪ್ಪ ಪೇಟೆಗೆ ಹೋಗುವವರಿದ್ದಾರೆ.