ಕೊರಳೆಲುಬು ಮುರಿದವರಿಗೆ ‘ಸಾಂಪ್ರದಾಯಿಕ ಚಿಕಿತ್ಸೆ’: ಈ ಮಾತಿಗೆ ಬದಲು ಏನು ಬಳಸಬಹುದು?

ಮಾನ್ಯರೇ,

ಕೊರಳೆಲುಬು (ಕಾಲರ್ ಬೋನು) ಮುರಿದಾಗ ಶಸ್ತ್ರಚಿಕಿತ್ಸೆ ಮಾಡದೆ, ಕೈಯನ್ನು ಕೊರಳಿಗೆ ತೂಗುಬಿಟ್ಟ ಪಟ್ಟಿಯ ಜೋಲಿಯಲ್ಲಿ ಇರಿಸಿ, ಮೂಳೆ ತಾನಾಗಿ ಕೂಡುವವರೆಗೆ ನಿಗಾ ಇಡುವ ಕ್ರಮಕ್ಕೆ ಡಾಕ್ಟರುಗಳು ‘ಕನ್ಸರ್ವೇಟಿವ್ ಟ್ರೀಟ್‌ಮೆಂಟ್’ ಎನ್ನುತ್ತಾರೆ. ಆಸ್ಪತ್ರೆಗಳ ಕನ್ನಡ ಕರಪತ್ರಗಳಲ್ಲಿ ಇದನ್ನು ‘ಸಾಂಪ್ರದಾಯಿಕ ಚಿಕಿತ್ಸೆ’ ಎಂದು ಬರೆದಿರುವುದನ್ನು ಕಂಡಿದ್ದೇನೆ. ಈ ಅನುವಾದವನ್ನು ಓದಿದ ಮಂಡ್ಯ, ಮೈಸೂರು ಸೀಮೆಯ ರೋಗಿ ಡಾಕ್ಟರು ಹೇಳಿದ್ದಕ್ಕೆ ಪೂರಾ ಬೇರೆಯದೇ ಆದ ದಾರಿ ಹಿಡಿಯುತ್ತಾನೆ ಎಂಬುದು ನನ್ನ ತಕರಾರು. ಬದಲಿಗೆ ಯಾವ ಮಾತನ್ನು ಬಳಸಬೇಕೆಂದು ಬಲ್ಲವರು ತಿಳಿಸಬೇಕು.

ತಕರಾರಿಗೆ ಕಾರಣ ಹೇಳುತ್ತೇನೆ. ಮದ್ದೂರಿನ ಕಡೆ ಕಬ್ಬಿನ ಬೇಸಾಯ ಮಾಡಿಕೊಂಡಿರುವ ನನ್ನ ಅಕ್ಕನ ಮಗ ಕೆಸರಿನಲ್ಲಿ ಬೈಕು ಜಾರಿ ಬಿದ್ದು, ಎಡಗಡೆಯ ಕೊರಳೆಲುಬನ್ನು ನಡುವಿನಲ್ಲಿ ಮುರಿದುಕೊಂಡ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಕೈಗೆ ಬೆಲ್ಟು ಹಾಕಿ, ಒಂದು ಮುದ್ರಿತ ಹಾಳೆಯನ್ನು ಕೊಟ್ಟು, ಮನೆಯವರು ಯೋಚಿಸಿ ಬರಲಿ ಎಂದು ಕಳಿಸಿದರು. ಹಾಳೆಯಲ್ಲಿ ಎರಡು ಸಾಲುಗಳಿದ್ದವು: ‘ಶಸ್ತ್ರಚಿಕಿತ್ಸೆ’ ಮತ್ತು ‘ಸಾಂಪ್ರದಾಯಿಕ ಚಿಕಿತ್ಸೆ’. ಅಕ್ಕ ಅದನ್ನು ಓದಿದವಳೇ, “ಸಾಂಪ್ರದಾಯಿಕ ಅಂತ ಡಾಕ್ಟ್ರೇ ಬರ್ದವ್ರಲ್ಲ, ಹಂಗಾದ್ರೆ ಕಟ್ಟು ಕಟ್ಟುಸ್ಕೊಂಡ್ ಬರನ” ಎಂದಳು. ಪಕ್ಕದ ಮನೆಯವರು ಪುತ್ತೂರಿಗೆ ಕಾರು ಗೊತ್ತುಮಾಡುವ ಮಾತನ್ನೂ ಆಡಿಬಿಟ್ಟರು. (ದಕ್ಷಿಣ ಕನ್ನಡದ ಪುತ್ತೂರಲ್ಲ, ಮೂಳೆ ಕಟ್ಟಿಗೆ ಹೆಸರಾದ ಆಂಧ್ರದ ಪುತ್ತೂರು.) ಅಕ್ಕ ಓದಿದ್ದರಲ್ಲಿ ದೋಷವಿಲ್ಲ. ನಮ್ಮಲ್ಲಿ ಸಂಪ್ರದಾಯವೆಂದರೆ ಹಿಂದಿನಿಂದ ನಡೆದು ಬಂದದ್ದು. ಮೂಳೆ ಮುರಿದಾಗ ಹಿಂದಿನಿಂದ ನಡೆದು ಬಂದದ್ದೆಂದರೆ ಸೊಪ್ಪಿನ ರಸ, ಮೊಟ್ಟೆಯ ಬಿಳಿ, ಬಿದಿರ ದಬ್ಬೆ, ಬಟ್ಟೆಯ ಕಟ್ಟು. ಆ ಇಂಗ್ಲಿಷ್ ಪದಕ್ಕೆ ರಾಜಕೀಯದಲ್ಲಿ ‘ಸಂಪ್ರದಾಯನಿಷ್ಠ’ ಎಂಬ ಅರ್ಥವಿದ್ದರೆ, ವೈದ್ಯದಲ್ಲಿ ‘ಕೊಯ್ಯದೆ ಉಳಿಸಿಕೊಳ್ಳುವುದು’ ಎಂಬ ಅರ್ಥವಿದೆ. ಹಾಳೆಯನ್ನು ಕನ್ನಡಕ್ಕೆ ತಂದವರು ಮೊದಲನೆಯದನ್ನು ಆರಿಸಿಕೊಂಡಿದ್ದಾರೆ.

ಬೇರೆ ಮೂಳೆಗಳಿಗಿಂತ ಈ ಮೂಳೆಯ ವಿಷಯದಲ್ಲಿ ಈ ಗೊಂದಲ ಹೆಚ್ಚು ತೊಂದರೆ ಕೊಡುತ್ತದೆ. ಮುಂಗೈ ಮೂಳೆಗೆ ಎರಡೂ ಕಡೆ ದಬ್ಬೆಯಿಟ್ಟು ಕಟ್ಟಬಹುದು, ಹಿಟ್ಟಿನ ಕಟ್ಟನ್ನೂ (ಪ್ಲಾಸ್ಟರ್) ಹಾಕಬಹುದು. ಕೊರಳೆಲುಬಿಗೆ ಇವೆರಡೂ ಒಗ್ಗುವುದಿಲ್ಲ. ಅದು ಎದೆಯ ನಡುಮೂಳೆಗೂ ಹೆಗಲಿಗೂ ನಡುವೆ ಅಡ್ಡಕ್ಕೆ, ಸ್ವಲ್ಪ ಬಳುಕಿ ಕುಳಿತಿದೆ. ತೋಳನ್ನು ಮೈಯ ಗೂಡಿಗೆ ಸೇರಿಸುವ ಮೂಳೆಯ ಕೊಂಡಿ ಅದೊಂದೇ. ಮುರಿದಾಗ ಒಳಗಿನ ತುಂಡನ್ನು ಕತ್ತಿನ ಸ್ನಾಯು ಮೇಲಕ್ಕೆ ಎಳೆಯುತ್ತದೆ, ಹೊರಗಿನ ತುಂಡನ್ನು ತೋಳಿನ ಭಾರ ಕೆಳಕ್ಕೆ ಜಗ್ಗುತ್ತದೆ, ಎದೆಯ ಸ್ನಾಯು ಒಳಕ್ಕೆ ಸೆಳೆಯುತ್ತದೆ. ಮೇಲಿನಿಂದ ಏನನ್ನು ಎಷ್ಟು ಬಿಗಿದರೂ ಈ ಮೂರು ಎಳೆತಗಳು ನಿಲ್ಲುವುದಿಲ್ಲ. ಬಿಗಿತ ಹೆಚ್ಚಾದರೆ ಕಂಕುಳಿನ ನರ ಮತ್ತು ರಕ್ತನಾಳಗಳು ಅದುಮಿ ಕೈ ಜೋಮು ಹಿಡಿಯುತ್ತದೆ. ಬೆನ್ನ ಮೇಲೆ ಎಂಟರ ಆಕಾರದಲ್ಲಿ ಹೆಗಲುಗಳನ್ನು ಹಿಂದಕ್ಕೆ ಎಳೆದು ಕಟ್ಟುವ ಪಟ್ಟಿಯನ್ನು ಆಸ್ಪತ್ರೆಗಳೂ ಬಹುಕಾಲ ನಂಬಿದ್ದವು. 1987ರಲ್ಲಿ ಡೆನ್ಮಾರ್ಕಿನಲ್ಲಿ ಅದನ್ನು ಬರಿಯ ಜೋಲಿಯೊಂದಿಗೆ ಹೋಲಿಸಿ ನೋಡಿದಾಗ ಮೂಳೆ ಕೂಡುವುದರಲ್ಲಿ ಅಂತರ ಕಾಣಲಿಲ್ಲ, ಜೋಲಿ ಹಾಕಿದವರಿಗೆ ಕಿರಿಕಿರಿ ಮಾತ್ರ ಕಡಿಮೆಯಿತ್ತು.

ಮೂಳೆಯ ಹೆಸರಿನ ಬಗೆಗೂ ಎರಡು ಮಾತು ಹೇಳಬೇಕು, ಏಕೆಂದರೆ ಚಿಕಿತ್ಸೆಯ ಹೆಸರು ಇದರ ಜೊತೆಯಲ್ಲಿಯೇ ಬರುತ್ತದೆ. ಬರಹದಲ್ಲಿ ‘ಜತ್ರು’, ‘ಅಕ್ಷಕ’, ‘ಕೊರಳೆಲುಬು’, ‘ಕೊರಳಪಟ್ಟಿ ಮೂಳೆ’ ಎಂಬ ಹೆಸರುಗಳು ಸಿಗುತ್ತವೆ. ವಾಲ್ಮೀಕಿ ರಾಮಾಯಣದ ಮೊದಲ ಸರ್ಗದಲ್ಲಿ ರಾಮನನ್ನು ‘ಗೂಢಜತ್ರು’ ಎಂದು ಹೊಗಳಿರುವುದು ಮಾಂಸದಲ್ಲಿ ಹುದುಗಿ ಹೊರಗೆ ಕಾಣದ ಈ ಮೂಳೆಗಾಗಿಯೇ. ಆಯುರ್ವೇದದವರು ಕಣ್ಣು, ಕಿವಿ, ಮೂಗು, ಗಂಟಲಿನ ರೋಗಗಳನ್ನೆಲ್ಲ ‘ಊರ್ಧ್ವಜತ್ರುಗತ’ ಎಂದು ಒಂದು ಗುಂಪಿಗೆ ಸೇರಿಸುತ್ತಾರೆ. ಅಲ್ಲಿ ಜತ್ರು ಎಲ್ಲೆಗೆರೆಯಾಗಿ ನಿಲ್ಲುತ್ತದೆ. ಸುಶ್ರುತ ಸಂಹಿತೆಯ ಮುರಿತದ ಚಿಕಿತ್ಸೆಯಲ್ಲಿ ಬರುವ ಹೆಸರು ‘ಅಕ್ಷಕ’. ಇಷ್ಟು ಹಿರಿಯ ಪದಗಳಿದ್ದರೂ ಇವುಗಳಲ್ಲಿ ಒಂದನ್ನು ಹೇಳಿ ಮಂಡ್ಯದ ಔಷಧಿ ಅಂಗಡಿಯಲ್ಲಿ ಬೆಲ್ಟು ಕೇಳಲು ಆಗುವುದಿಲ್ಲ. ಆಡುಮಾತಿನಲ್ಲಿ ‘ಕತ್ತಿನ ಮೂಳೆ’ ಎನ್ನುವವರು ಇದ್ದಾರೆ, ಆದರೆ ಕೇಳಿದವರು ಕತ್ತಿನ ಹಿಂಭಾಗದ ಬೆನ್ನೆಲುಬು ಎಂದುಕೊಂಡು ಗಾಬರಿಯಾಗುತ್ತಾರೆ. ‘ಭುಜದ ಮೂಳೆ’ ಎಂದರೆ ಹೆಗಲ ಕೀಲು ಎಂದಾಗುತ್ತದೆ. ಉಳಿದವರೆಲ್ಲ ‘ಕಾಲರ್ ಬೋನು’ ಎನ್ನುತ್ತಾರೆ. ‘ಕೊರಳಪಟ್ಟಿ ಮೂಳೆ’ ಆ ಇಂಗ್ಲಿಷಿನ ನೆರಳು, ಅದರ ಮೇಲೆ ನನಗೆ ಒಲವಿಲ್ಲ. ‘ಕೊರಳೆಲುಬು’ ಎಂದು ಬರೆದು, ಮೊದಲ ಸಲ ಬಂದಾಗ ಪಕ್ಕದಲ್ಲಿ ‘ಕಾಲರ್ ಬೋನು’ ಎಂದು ಕೊಟ್ಟರೆ ಸಾಕೆಂದು ನನ್ನ ಎಣಿಕೆ.

ಮುರಿತದ ಬೇರೆ ಮಾತುಗಳಲ್ಲಿಯೂ ಇಂಥ ಗೊಂದಲವಿದೆ. ‘ಏರ್ ಕ್ರ್ಯಾಕ್’ ಎಂಬ ಮಾತು ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಕೂದಲೆಳೆಯ ಬಿರುಕು (‘ಹೇರ್ ಕ್ರ್ಯಾಕ್’) ಎಂಬ ಮೂಲದ ಅರ್ಥ ಮರೆತು, ಮೂಳೆಯೊಳಗೆ ಗಾಳಿ ಸೇರಿದೆಯೆಂದು ತಿಳಿದವರನ್ನು ನಾನು ನೋಡಿದ್ದೇನೆ. ಇದಕ್ಕೆ ‘ಸಣ್ಣ ಬಿರುಕು’ ಸಾಕು, ಚರ್ಚೆ ಬೇಕಿಲ್ಲ. ‘ರಾಡು ಹಾಕಿದ್ದಾರೆ’ ಎಂಬುದು ಇನ್ನೊಂದು. ಮೊಳೆ, ಸ್ಕ್ರೂ, ಪ್ಲೇಟು, ತಂತಿ ಯಾವುದನ್ನು ಹಾಕಿದರೂ ನಮ್ಮ ಬಾಯಲ್ಲಿ ಅದು ರಾಡೇ. ಕೊರಳೆಲುಬಿಗೆ ಸಾಮಾನ್ಯವಾಗಿ ಹಾಕುವುದು ಮೂಳೆಯ ಬಳುಕಿಗೆ ತಕ್ಕಂತೆ ಬಾಗಿಸಿದ ತೆಳುವಾದ ಪ್ಲೇಟು ಮತ್ತು ಸ್ಕ್ರೂಗಳು. ಕೆಲವೊಮ್ಮೆ ಮೂಳೆಯ ಒಳಗೆ ತೂರಿಸುವ ಮೊಳೆಯೂ ಉಂಟು. ಈ ವ್ಯತ್ಯಾಸವನ್ನು ರೋಗಿಗೆ ಹೇಳಲೇಬೇಕು. ಆ ಜಾಗದಲ್ಲಿ ಚರ್ಮ ತೆಳು, ಕೆಳಗಿರುವ ಪ್ಲೇಟು ಬೆರಳಿಗೆ ಸಿಗುತ್ತದೆ. ಬೆನ್ನಿಗೆ ಔಷಧಿ ಪಂಪು ಏರಿಸಿ ಗದ್ದೆಗೆ ಹೊಡೆಯುವವನಿಗೆ ಪಂಪಿನ ಪಟ್ಟಿ ನೇರವಾಗಿ ಅದರ ಮೇಲೆಯೇ ಕೂರುತ್ತದೆ. ಕಬ್ಬಿನ ಹೊರೆ ಹೊರುವವನ ಪಾಡೂ ಅಷ್ಟೇ. ಹೀಗೆ ಒತ್ತಿ ನೋಯುತ್ತದೆಂದು ಮೂಳೆ ಕೂಡಿದ ಮೇಲೆ ಪ್ಲೇಟು ತೆಗೆಸಲು ಎರಡನೆಯ ಸಲ ಮೇಜು ಹತ್ತುವವರು ಇದ್ದಾರೆ. ಗಾಯದ ಗೆರೆಯ ಕೆಳಗೆ ಎದೆಯ ಚರ್ಮ ಮರಗಟ್ಟಿದಂತೆ ಆಗುವುದೂ ಸಾಮಾನ್ಯ, ಏಕೆಂದರೆ ಅಲ್ಲಿನ ಸಣ್ಣ ನರಗಳು ಈ ಮೂಳೆಯನ್ನು ದಾಟಿಯೇ ಕೆಳಗಿಳಿಯುತ್ತವೆ.

ಹಾಗೆಂದು ಶಸ್ತ್ರಚಿಕಿತ್ಸೆ ಬೇಡವೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಮೂಳೆ ಚರ್ಮ ಹರಿದು ಹೊರಬಂದಿದ್ದರೆ, ಒಳಗಿನಿಂದ ಚರ್ಮವನ್ನು ಗುಡಾರದಂತೆ ಎತ್ತಿ ಹರಿಯುವ ಹಾಗಿದ್ದರೆ, ಕೈಗೆ ಹೋಗುವ ರಕ್ತನಾಳ ಅಥವಾ ನರಕ್ಕೆ ಪೆಟ್ಟಾಗಿದ್ದರೆ ಆಯ್ಕೆಯ ಮಾತೇ ಬರುವುದಿಲ್ಲ. ಆಯ್ಕೆ ಇರುವುದು ತುಂಡುಗಳು ಒಂದರ ಮೇಲೊಂದು ಸರಿದು ಮೂಳೆ ಗಿಡ್ಡವಾದಾಗ. ಸುಮಾರು ಎರಡು ಸೆಂಟಿಮೀಟರಿಗಿಂತ ಹೆಚ್ಚು ಗಿಡ್ಡವಾಗಿದ್ದರೆ ಪ್ಲೇಟಿನ ಕಡೆ ಒಲಿಯುವ ಡಾಕ್ಟರುಗಳು ಹೆಚ್ಚು. ಈ ಒಲವು ಹೊಸದು. 1960ರಲ್ಲಿ ಅಮೆರಿಕದ ಚಾರ್ಲ್ಸ್ ನೀರ್ ಪ್ರಕಟಿಸಿದ ಲೆಕ್ಕದಲ್ಲಿ, ಶಸ್ತ್ರಚಿಕಿತ್ಸೆ ಇಲ್ಲದೆ ನೋಡಿಕೊಂಡ 2235 ಮಂದಿಯ ಪೈಕಿ ಮೂಳೆ ಕೂಡದೆ ಉಳಿದವರು 3 ಜನ ಮಾತ್ರ. ದಶಕಗಳ ಕಾಲ ಎಲ್ಲರಿಗೂ ಜೋಲಿಯೇ ಸಾಕು ಎಂಬ ನಂಬಿಕೆಗೆ ಇದು ಆಧಾರವಾಗಿತ್ತು. 2007ರಲ್ಲಿ ಕೆನಡಾದ ಮೂಳೆತಜ್ಞರ ಸಂಘ, ನಡುವಿನಲ್ಲಿ ಮುರಿದು ಪೂರಾ ಸರಿದ ಮೂಳೆಯ 132 ವಯಸ್ಕರನ್ನು ಎರಡು ಗುಂಪು ಮಾಡಿ ನೋಡಿದಾಗ, ಜೋಲಿಯ ಗುಂಪಿನಲ್ಲಿ ಕಡೆಯವರೆಗೆ ಸಿಕ್ಕ 49 ಮಂದಿಯಲ್ಲಿ 7 ಜನರಿಗೆ ಮೂಳೆ ಕೂಡಿರಲಿಲ್ಲ. ಪ್ಲೇಟಿನ ಗುಂಪಿನ 62ರಲ್ಲಿ ಇಬ್ಬರಿಗೆ ಮಾತ್ರ ಹಾಗಾಯಿತು. ಅಂದರೆ ಸರಿದ ಮೂಳೆಗೆ ಪ್ಲೇಟು ಹಾಕಿದರೆ ಕೂಡುವ ಭರವಸೆ ಹೆಚ್ಚು, ಆದರೆ ಜೋಲಿಯಲ್ಲಿಟ್ಟವರಲ್ಲಿಯೂ ಬಹುಪಾಲು ಜನರಿಗೆ ಕೂಡುತ್ತದೆ. ಎರಡೂ ಮಾತು ಒಟ್ಟಿಗೆ ನಿಜವಾದ್ದರಿಂದಲೇ ರೋಗಿಗೆ ಯೋಚಿಸಿ ಬನ್ನಿ ಎನ್ನುವುದು. ನನ್ನ ಅಕ್ಕನ ಮಗನ ಮೂಳೆ ಅಷ್ಟು ಗಿಡ್ಡವಾಗಿರಲಿಲ್ಲ, ಬೇರೊಬ್ಬ ಡಾಕ್ಟರರನ್ನೂ ಕೇಳಿ ಜೋಲಿಯನ್ನೇ ಒಪ್ಪಿಕೊಂಡ. ಹಾಳೆಯ ಆ ಪದವನ್ನು ನಂಬಿ ಪುತ್ತೂರಿಗೆ ಹೋಗಿದ್ದರೆ ಅವನು ಹಾಳೆಯಲ್ಲಿಲ್ಲದ ಮೂರನೆಯ ದಾರಿಯನ್ನು ಆರಿಸಿಕೊಂಡಂತೆ ಆಗುತ್ತಿತ್ತು, ಅದೂ ಡಾಕ್ಟರೇ ಹೇಳಿದ್ದಾರೆಂಬ ಧೈರ್ಯದಲ್ಲಿ.

ಈಗ ಬದಲಿ ಪದಗಳ ವಿಚಾರ. ‘ಶಸ್ತ್ರಚಿಕಿತ್ಸೆರಹಿತ ಚಿಕಿತ್ಸೆ’ ಎಂಬುದು ಅರ್ಥದಲ್ಲಿ ಸರಿ, ಕೇಳುವುದಕ್ಕೆ ಬಡತನದ್ದು. ಈಗಾಗಲೇ ನಮ್ಮ ಜನ “ಆಸ್ಪತ್ರೇಲಿ ಏನೂ ಮಾಡ್ಲಿಲ್ಲ, ಬೆಲ್ಟ್ ಹಾಕಿ ಕಳಿಸ್ಬುಟ್ರು” ಎಂದು ದೂರುತ್ತಾರೆ. ಇಲ್ಲದ್ದನ್ನೇ ಹೆಸರಾಗಿ ಕೊಟ್ಟರೆ ಆ ದೂರಿಗೆ ಮುದ್ರೆ ಒತ್ತಿದಂತಾಗುತ್ತದೆ. ‘ಸಂರಕ್ಷಣಾತ್ಮಕ ಚಿಕಿತ್ಸೆ’ ಪದದ ಮೂಲಕ್ಕೆ ನಿಷ್ಠವಾಗಿದ್ದರೂ ಏನನ್ನು ಸಂರಕ್ಷಿಸುವುದೆಂದು ಓದುಗನಿಗೆ ಹೊಳೆಯುವುದಿಲ್ಲ. ‘ವಿಶ್ರಾಂತಿ ಚಿಕಿತ್ಸೆ’ ಎಂದು ಮಿತ್ರರೊಬ್ಬರು ಸೂಚಿಸಿದರು. ನನಗೆ ಎಲ್ಲಕ್ಕಿಂತ ಭಯ ಇದರದ್ದೇ. ಬೆರಳು, ಮಣಿಕಟ್ಟು, ಮೊಣಕೈಗಳನ್ನು ಮೊದಲ ದಿನದಿಂದಲೇ ಆಡಿಸಬೇಕು. ನೋವು ತಗ್ಗಿದ ಮೇಲೆ ಡಾಕ್ಟರು ಹೇಳಿದಾಗ ಮುಂದಕ್ಕೆ ಬಾಗಿ ಕೈಯನ್ನು ಇಳಿಬಿಟ್ಟು ಮೆಲ್ಲಗೆ ತೂಗಾಡಿಸಬೇಕು. ವಿಶ್ರಾಂತಿಯೆಂದು ಕೈಯನ್ನು ಎದೆಗೆ ಅಂಟಿಸಿಕೊಂಡು ಕುಳಿತವನಿಗೆ ಮೂಳೆ ಕೂಡುವ ಹೊತ್ತಿಗೆ ಭುಜ ಹಿಡಿದುಕೊಂಡಿರುತ್ತದೆ. ‘ಪಥ್ಯ ಚಿಕಿತ್ಸೆ’ ಎಂಬುದೂ ಬೇಡ: ಅದನ್ನು ಕೇಳಿದೊಡನೆ ಬದನೆಕಾಯಿ ನಂಜೆಂದು ಬಿಟ್ಟು, ಕಾಲು ಸೂಪು ಕಾಯಿಸಲು ಶುರುಮಾಡುತ್ತಾರೆ. ಸೂಪು ಕುಡಿಯಲಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಮೂಳೆ ಕೂಡುವುದನ್ನು ನಿಜವಾಗಿ ತಡೆಯುವ ಬೀಡಿ, ಸಿಗರೇಟು ನಮ್ಮ ಪಥ್ಯದ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ನನಗೆ ದಾರಿ ತೋರಿದ್ದು ನಮ್ಮ ಆಡುಮಾತಿನ ಎರಡು ಕ್ರಿಯಾಪದಗಳು. ಮೂಳೆ ‘ಕೂಡುತ್ತದೆ’, ಮೂಳೆಯನ್ನು ‘ಕೂರಿಸುತ್ತಾರೆ’. ಮಂಡ್ಯದ ಕಡೆ “ಮೂಳೆ ಕೂಡ್ಕಂಡದೆ” ಎಂದರೆ ಯಾರಿಗೂ ವಿವರಣೆ ಬೇಡ. “ಸರಿದಿದ್ದ ಮೂಳೆ ಕೂರ್ಸವ್ರೆ” ಎಂದರೂ ಹಾಗೆಯೇ. ಮೊದಲು ನಾನು ‘ಕೂಡುವ ಚಿಕಿತ್ಸೆ’, ‘ಕೂಡಿಸುವ ಚಿಕಿತ್ಸೆ’ ಎಂಬ ಜೋಡಿಯನ್ನು ಯೋಚಿಸಿ ಪರಿಚಯದ ಮೂಳೆತಜ್ಞರೊಬ್ಬರಿಗೆ ತೋರಿಸಿದೆ. ಅವರ ಆಕ್ಷೇಪ ನ್ಯಾಯವಾಗಿತ್ತು: ಪ್ಲೇಟು ಮೂಳೆಯನ್ನು ಕೂಡಿಸುವುದಿಲ್ಲ, ಕೂರಿಸಿದ ಜಾಗದಲ್ಲಿ ಅಲುಗದಂತೆ ಹಿಡಿದಿರುತ್ತದೆ ಅಷ್ಟೇ, ಕೂಡುವ ಕೆಲಸ ಎರಡು ಕ್ರಮದಲ್ಲಿಯೂ ಮೂಳೆಯದೇ. ಆದ್ದರಿಂದ ಈಗ ‘ಜೋಲಿಯಲ್ಲಿಟ್ಟು ಕೂಡಲು ಬಿಡುವುದು’ ಮತ್ತು ‘ಕೊಯ್ದು ಕೂರಿಸಿ ಪ್ಲೇಟು ಹಾಕುವುದು’ ಎಂದು ಬರೆಯುತ್ತಿದ್ದೇನೆ. ಇವು ಪಾರಿಭಾಷಿಕ ಪದಗಳಲ್ಲ, ನುಡಿಗಟ್ಟುಗಳು ಎಂಬ ಆಕ್ಷೇಪ ಬರಬಹುದು. ಒಪ್ಪಿಗೆಯ ರುಜು ಹಾಕುವವನಿಗೆ ಪರಿಭಾಷೆಗಿಂತ ಏನು ಮಾಡುತ್ತಾರೆಂಬುದು ಮುಖ್ಯವೆಂದು ನಾನು ತಿಳಿಯುತ್ತೇನೆ. ಇದರ ಜೊತೆಗೇ ‘ಕೂಡಿಲ್ಲ’, ‘ಸೊಟ್ಟಗೆ ಕೂಡಿದೆ’ ಎಂಬ ಮಾತುಗಳೂ ತಾವಾಗಿ ಒದಗುತ್ತವೆ; ‘ಅಸಂಯೋಜನೆ’, ‘ದುಸ್ಸಂಯೋಜನೆ’ಗಳನ್ನು ಹೊಸೆಯುವ ಕಷ್ಟ ತಪ್ಪುತ್ತದೆ.

ಒಂದು ಪದದಲ್ಲಿ ಮಾತ್ರ ನಾನಿನ್ನೂ ತೊಡಕಿನಲ್ಲಿದ್ದೇನೆ. ಮುರಿದ ಜಾಗದಲ್ಲಿ ಹೊಸ ಮೂಳೆ ಬೆಳೆದು ಉಬ್ಬುವುದನ್ನು ಜನ ‘ಗಂಟು’ ಎನ್ನುತ್ತಾರೆ. ಅದು ಒಳ್ಳೆಯ ಲಕ್ಷಣ, ತಿಂಗಳುಗಳಲ್ಲಿ ಸಾಕಷ್ಟು ತಗ್ಗುತ್ತದೆ, ಸಣಕಲು ಮೈಯವರಲ್ಲಿ ಸ್ವಲ್ಪ ಉಳಿಯುತ್ತದೆ. ಆದರೆ ಗಂಟು ಎಂದೊಡನೆ ಮನೆಯವರ ತಲೆಗೆ ಬರುವುದು ಕ್ಯಾನ್ಸರ್ ಗಡ್ಡೆ. ‘ಬೆಸುಗೆಯುಬ್ಬು’ ಎಂದು ನಾನು ಕಟ್ಟಿದ್ದು ನನಗೇ ಕೃತಕವೆನ್ನಿಸುತ್ತಿದೆ.

ರೋಗಿಗಳಿಗೆ ಕೊಡುವ ಹಾಳೆಗೆಂದು ನಾನು ಸಿದ್ಧಮಾಡಿರುವ ಕರಡು ಹೀಗಿದೆ: “ನಿಮ್ಮ ಕೊರಳೆಲುಬು (ಕಾಲರ್ ಬೋನು) ನಡುವಿನಲ್ಲಿ ಮುರಿದಿದೆ. ಕೈಯನ್ನು ಜೋಲಿಯಲ್ಲಿಟ್ಟು ಮೂಳೆ ಕೂಡಲು ಬಿಡಬಹುದು. ವಯಸ್ಕರಿಗೆ ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರ ಬೇಕು. ಇದು ನಾಟಿ ಕಟ್ಟು ಅಲ್ಲ. ಈ ಅವಧಿಯಲ್ಲಿ ಎಕ್ಸ್‌ರೇ ತೆಗೆದು ನೋಡುತ್ತಿರುತ್ತೇವೆ. ಇಲ್ಲವೇ ಕೊಯ್ದು, ಮೂಳೆಯನ್ನು ಕೂರಿಸಿ, ಪ್ಲೇಟು ಹಾಕಬಹುದು.” ಇದರಲ್ಲಿ ‘ಜೋಲಿ’ ಎಂಬುದು ಹಾಸನ, ಚಾಮರಾಜನಗರ, ಕೊಡಗಿನವರಿಗೆ ಮಗುವಿನ ತೊಟ್ಟಿಲೆಂದೇ ಕೇಳಿಸುತ್ತದೆಯೋ, ಅಥವಾ ಕೈಗೆ ಕಟ್ಟುವ ಪಟ್ಟಿಗೆ ಅಲ್ಲಿ ಬೇರೆ ಹೆಸರಿದೆಯೋ ತಿಳಿಸಿ. ‘ಗಂಟು’ ಪದಕ್ಕೆ ಬದಲಿ ಸಿಕ್ಕರೆ ಅದನ್ನೂ ಬರೆಯಿರಿ. ಹಾಳೆ ಇನ್ನೂ ಅಚ್ಚಿಗೆ ಹೋಗಿಲ್ಲ.